ಮಳೆಗಾಲದಲ್ಲಿ ನೆಂಟರನ್ನು ಮೀನೂಟಕ್ಕೆ ಕರೆದುಕೊಂಡು ಹೋಗುವವರೇ, ಸ್ವಲ್ಪ ಜೋಪಾನ

ಜೂನ್, ಜುಲೈ ತಿಂಗಳಲ್ಲಿ ಘಟ್ಟದ ಮೇಲಿನ ನೆಂಟರನ್ನು ಕರೆದುಕೊಂಡು ಕಾರವಾರ, ಅಂಕೋಲಾ, ಗೋಕರ್ಣದ ಕಡೆ ತಿರುಗಾಡುವವರು ಇದನ್ನು ಓದಿಕೊಂಡು ಹೊರಡಿ. ಹೆದ್ದಾರಿ ಪಕ್ಕದ ದೊಡ್ಡ ಬೋರ್ಡಿನ ಹೋಟೆಲಿನಲ್ಲಿ "ಫ್ರೆಶ್ ಪಾಂಪ್ಲೆಟ್ ಇದೆ ಸಾರ್" ಅಂದರೆ ನಂಬಬೇಡಿ. ಮೆನುವಿನಲ್ಲಿ ಮೀನಿನ ಎದುರು ದರ ಬರೆದಿಲ್ಲ ಅಂದರೆ ನೀರು ಕುಡಿದು ಎದ್ದು ಬನ್ನಿ. ನಮಗೆ ಆದದ್ದನ್ನು ಬರೆಯುತ್ತೇನೆ. ಹೋಟೆಲಿನ ಹೆಸರು ಹಾಕುವುದಿಲ್ಲ. ಇದೇ ಆಟ ಆಡುವ ಜಾಗ ಅದೊಂದೇ ಅಲ್ಲ. ಒಂದರ ಹೆಸರು ಹಾಕಿದರೆ ಉಳಿದವುಗಳಿಗೆಲ್ಲ ಸರ್ಟಿಫಿಕೇಟ್ ಕೊಟ್ಟ ಹಾಗಾಗುತ್ತದೆ.

ತಂಗಿಯ ಗಂಡನ ಮನೆಯವರು ಹಾವೇರಿ ಕಡೆಯವರು. ಮದುವೆ ಆದ ಮೇಲೆ ಬೀಗರು ನಮ್ಮಲ್ಲಿಗೆ ಬಂದದ್ದು ಇದೇ ಮೊದಲು. ನಾವು, ಅವರು ಎಲ್ಲ ಸೇರಿ ಎಂಟು ಜನ. ಟೆಂಪೋ ಟ್ರಾವೆಲರ್ ಮಾಡಿಕೊಂಡು ಗೋಕರ್ಣಕ್ಕೆ ಹೋಗಿದ್ದೆವು. ಮಹಾಬಲೇಶ್ವರನ ದರ್ಶನ ಮುಗಿಸಿ ಗಾಡಿ ಹತ್ತುವಾಗ ಮಧ್ಯಾಹ್ನ ಎರಡು ದಾಟಿತ್ತು. ಹೊರಗೆ ಧೋ ಎಂದು ಮಳೆ. "ಕಾರವಾರದ ಕಡೆ ಬಂದು ಮೀನು ತಿನ್ನದ ಹೋದ್ರ ಊರಾಗ ಏನ್ ಹೇಳೂದ್ರೀ?" ಎಂದರು ಬೀಗರು. ಈಗ ಬೋಟು ಬಂದ್, ಒಳ್ಳೆ ಮೀನು ಸಿಗುವುದಿಲ್ಲ ಎಂದೆ. ಅಷ್ಟರಲ್ಲಿ ಡ್ರೈವರ್ ಬಾಯಿ ಹಾಕಿದ. ಇಲ್ಲೇ ಮುಂದೆ ಒಂದು ಜಾಗ ಇದೆ, ಅಲ್ಲಿ ವರ್ಷವಿಡೀ ತಾಜಾ ಮೀನು ಅಂತ. ಯಾರೂ ಹೂಂ ಅನ್ನುವ ಮೊದಲೇ ಗಾಡಿ ಅಲ್ಲಿ ನಿಂತಿತ್ತು. ಆಮೇಲೆ ನೋಡಿದರೆ ಡ್ರೈವರುಗಳಿಗೆ ಒಳಗೆ ಬೇರೆ ಕೋಣೆ, ಬೇರೆ ಊಟ. ಆ ಊಟ ನಮ್ಮ ಬಿಲ್ಲಿನಲ್ಲೂ ಇರಲಿಲ್ಲ, ಅವನ ಜೇಬಿನಿಂದಲೂ ಹೋಗಲಿಲ್ಲ.

ಘಟ್ಟದ ಮೇಲಿನವರಿಗೆ ಗೊತ್ತಿರಲಿ ಅಂತ ಇಷ್ಟು ಹೇಳುತ್ತೇನೆ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಯಾಂತ್ರಿಕ ಮೀನುಗಾರಿಕೆ ನಿಷೇಧ. ಮೀನು ಮೊಟ್ಟೆ ಇಡುವ ಕಾಲ, ಸಮುದ್ರವೂ ಹುಚ್ಚೆದ್ದಿರುತ್ತದೆ. ಬೈತಖೋಲ, ಮುದಗಾ, ತದಡಿ ಬಂದರುಗಳಲ್ಲೆಲ್ಲ ಟ್ರಾಲರ್, ಪರ್ಸಿನ್ ಬೋಟುಗಳು ದಡ ಸೇರಿರುತ್ತವೆ. ಸಣ್ಣ ನಾಡದೋಣಿಗಳಿಗೆ ಮಾತ್ರ ಅವಕಾಶ. ಅವೂ ಗಾಳಿ ಇಳಿದ ದಿನ ದಡದ ಹತ್ತಿರದಲ್ಲೇ ಬಲೆ ಬೀಸಿ ಬರುತ್ತವೆ. ಅದರಲ್ಲಿ ಸಿಕ್ಕಿದ್ದು ಮಾರ್ಕೆಟ್ಟಿಗೆ ಬಂದ ಕೂಡಲೇ ಊರವರ ಚೀಲ ಸೇರುತ್ತದೆ. ದೊಡ್ಡ ಪಾಂಪ್ಲೆಟ್ ಟ್ರೇಗಟ್ಟಲೆ ಇಟ್ಟುಕೊಂಡು ಕೂರುವಷ್ಟು ಮೀನು ಆ ದೋಣಿಗಳಿಂದ ಬರುವುದಿಲ್ಲ.

ಹಾಗಾದರೆ ಹೋಟೆಲಿಗೆ ಮೀನು ಎಲ್ಲಿಂದ? ಒಂದೋ ಮೇ ತಿಂಗಳಲ್ಲೇ ಫ್ರೀಜರ್ ಸೇರಿದ್ದು. ಇಲ್ಲವೇ ಪೂರ್ವ ಕರಾವಳಿಯದ್ದು. ಅಲ್ಲಿ ನಿಷೇಧ ಏಪ್ರಿಲ್ 15ರಿಂದ ಜೂನ್ 14ರವರೆಗೆ. ನಮ್ಮಲ್ಲಿ ಬೋಟು ನಿಂತಿರುವಾಗ ತಮಿಳುನಾಡು, ಆಂಧ್ರದ ಕಡೆ ಬೋಟು ಸಮುದ್ರಕ್ಕೆ ಇಳಿದಿರುತ್ತದೆ. ಆ ಮೀನು ಐಸ್ ಹಾಕಿಕೊಂಡು ಲಾರಿಯಲ್ಲಿ ಬರುತ್ತದೆ. ಐಸ್ ಸರಿಯಾಗಿದ್ದರೆ ತಿನ್ನಲು ಏನೂ ಅಡ್ಡಿಯಿಲ್ಲ. ಫ್ರೀಜರಿನದ್ದೂ ಸರಿಯಾಗಿ ಇಟ್ಟಿದ್ದರೆ ನಡೆಯುತ್ತದೆ. ಅದನ್ನು "ಬೆಳಿಗ್ಗೆ ಬಂದದ್ದು ಸಾರ್" ಎಂದು ಮಾರುವುದಕ್ಕೆ ನನ್ನ ತಕರಾರು.

ಮೆನುವಿನಲ್ಲಿ ಪಾಂಪ್ಲೆಟ್, ಇಶ್ವಾಣ (ಅಂಜಲ್), ಏಡಿ, ಶೆಟ್ಲಿ (ಸಿಗಡಿ) ನಾಲ್ಕಕ್ಕೂ ದರದ ಜಾಗದಲ್ಲಿ 'ಸೈಜ್ ಪ್ರಕಾರ' ಎಂದಿತ್ತು. ಸಪ್ಲಾಯರ್ ಒಂದು ಟ್ರೇ ತಂದ. ಐಸ್ ಮೇಲೆ ಎರಡು ದೊಡ್ಡ ಪಾಂಪ್ಲೆಟ್, ಬೆಳ್ಳಿಯ ಹಾಗೆ ಹೊಳೆಯುತ್ತಿದ್ದವು. ಮಕ್ಕಳು ಫೋಟೊ ತೆಗೆದರು. ರೇಟು ಎಷ್ಟು ಎಂದು ಕೇಳಿದೆ. "ಟೂ ಟ್ವೆಂಟಿ ಸಾರ್" ಎಂದು ಅರ್ಧ ನುಂಗಿ ಹೇಳಿ, ಮುಖ ಬೀಗರ ಕಡೆ ತಿರುಗಿಸಿದ. "ದೊಡ್ಡದೇ ಮಾಡಿಸ್ಲಾ ಸಾರ್? ಜೊತೆಗೆ ಏಡಿ ಚೆನ್ನಾಗಿದೆ ಇವತ್ತು."

ಇಲ್ಲೇ ಇರುವುದು ಮಸಲತ್ತು. ದುಡ್ಡು ಕೊಡುವವನನ್ನು ಅವನು ಕೇಳುವುದೇ ಇಲ್ಲ. ಟೇಬಲ್ಲಿನಲ್ಲಿ ಹಿರಿಯರು ಯಾರು, ಹೊರಗಿನವರು ಯಾರು ಎಂದು ಒಂದು ನೋಟದಲ್ಲಿ ಲೆಕ್ಕ ಹಾಕಿ ಅವರನ್ನು ಕೇಳುತ್ತಾನೆ. ಬೀಗರು ಮುಗ್ಧವಾಗಿ "ಆಗ್ಲಿ ತರ್ರೀ" ಅನ್ನುತ್ತಾರೆ. ಅವರು ಆಗಲಿ ಅಂದ ಮೇಲೆ "ತಡಿ, ಎಷ್ಟಾಗ್ತದೆ ಹೇಳು" ಅನ್ನಲು ನಮಗೆ ಬಾಯಿ ಬರುತ್ತದಾ? ಮೊದಲ ಸಲ ಮನೆಗೆ ಬಂದ ಬೀಗರ ಮುಂದೆ ಚೌಕಾಸಿ ಮಾಡಿದರೆ ನಾಳೆ ತಂಗಿ ಮಾತು ಕೇಳಬೇಕು. ಗಂಡ ಹೆಂಡತಿ ಇಬ್ಬರೇ ಹೋದಾಗ ಈ ಟ್ರೇ ನಾಟಕ ಇರುವುದಿಲ್ಲ ನೋಡಿ. ನೆಂಟರ ಜೊತೆ ಹೋದಾಗಲೇ ಟ್ರೇ ಬರುತ್ತದೆ. ನಮ್ಮ ದಾಕ್ಷಿಣ್ಯಕ್ಕೆ ಇಂಥ ಕಡೆ ಒಳ್ಳೆಯ ರೇಟಿದೆ.

ಊಟ ಬರಲು ಮುಕ್ಕಾಲು ಗಂಟೆ. ತಟ್ಟೆಯಲ್ಲಿ ಬಂದ ಪಾಂಪ್ಲೆಟ್ ನನ್ನ ಅಂಗೈಯಷ್ಟಿತ್ತು. ಟ್ರೇಯಲ್ಲಿದ್ದ ಮೀನು ಅದಲ್ಲ ಎಂದು ಹೇಳಲು ಪರಿಣತಿ ಬೇಡ, ಕಣ್ಣಿದ್ದರೆ ಸಾಕು. ಕೇಳಿದರೆ "ಹುರಿದಾಗ ಕುಗ್ತದೆ ಸಾರ್" ಎಂದ. ಮೀನು ಹುರಿದಾಗ ಸ್ವಲ್ಪ ಕುಗ್ಗುತ್ತದೆ, ಹೌದು. ಅರ್ಧಕ್ಕರ್ಧ ಕುಗ್ಗಿದ್ದನ್ನು ಹುಟ್ಟಿದಾಗಿನಿಂದ ಮೀನು ತಿನ್ನುವ ನಾನು ಕಂಡಿಲ್ಲ. ಮುರಿದರೆ ಮಾಂಸ ಪದರ ಪದರವಾಗಿ ಬಿಡಲಿಲ್ಲ, ಹಿಟ್ಟಿನ ಹಾಗೆ ಮೆತ್ತಗಾಯಿತು. ಏಡಿಯೊಳಗೆ ನೀರು ಬಿಟ್ಟರೆ ಏನೂ ಇರಲಿಲ್ಲ. ಬಂಗಡೆ ಫ್ರೈಗೆ ಕೆಂಪು ಎಷ್ಟಿತ್ತು ಅಂದರೆ ಕೈ ತೊಳೆದ ಮೇಲೂ ಬೆರಳು ಕೆಂಪಾಗೇ ಇತ್ತು. ಬ್ಯಾಡಗಿ ಮೆಣಸು ಹಾಗೆ ಅಂಟುವುದಿಲ್ಲ. ಕಬಾಬ್ ಮತ್ತು ಮೀನಿನ ಖಾದ್ಯಗಳಿಗೆ ಕೃತಕ ಬಣ್ಣ ಹಾಕುವುದನ್ನು ರಾಜ್ಯ ಸರ್ಕಾರ 2024ರ ಜೂನ್‌ನಲ್ಲೇ ನಿಷೇಧಿಸಿದೆ. ಬಣ್ಣ ಬರೀ ಚಂದಕ್ಕಲ್ಲ. ಹಳೆ ಮೀನಿನ ಮೈಬಣ್ಣ ಅದರಡಿ ಕಾಣುವುದಿಲ್ಲ, ಜಾಸ್ತಿ ಮಸಾಲೆಯಡಿ ವಾಸನೆಯೂ ಬರುವುದಿಲ್ಲ.

ಸಸ್ಯಾಹಾರಿ ದೊಡ್ಡಮ್ಮನಿಗೆ ಬಂದ ಪನ್ನೀರಿನ ಕಥೆ ಬೇಡ ಬಿಡಿ. ಅವರು ಮೊಸರನ್ನ ಉಂಡು ಎದ್ದರು.

ಈಗ ಬಿಲ್. ಎಂಟು ಜನರ ಊಟ 8,400. ಅದರ ಮೇಲೆ ಸರ್ವಿಸ್ ಚಾರ್ಜ್ ಶೇಕಡ 10, ಅಂದರೆ 840. ಇವೆರಡರ ಮೊತ್ತದ ಮೇಲೆ ಶೇಕಡ 5 ಜಿಎಸ್‌ಟಿ 462. ಒಟ್ಟು 9,702 ರೂಪಾಯಿ. ಟೂ ಟ್ವೆಂಟಿ ಅಂದದ್ದು ಒಂದು ಮೀನಿಗಲ್ಲ, 100 ಗ್ರಾಮಿಗೆ! ಒಂದೊಂದು ಪಾಂಪ್ಲೆಟ್ 650 ಗ್ರಾಂ ಎಂದು ಬರೆದು, ಎರಡಕ್ಕೇ 2,860 ಹಚ್ಚಿದ್ದರು. ನಮ್ಮೆದುರು ತೂಗಿದ್ದಿಲ್ಲ. ತೂಗಿದ್ದರೂ ತಲೆ, ಹೊಟ್ಟೆ, ಬಾಲ ಎಲ್ಲ ಸೇರಿದ ಹಸಿ ಮೀನಿನ ತೂಕ. ಅದೂ ಟ್ರೇಯಲ್ಲಿದ್ದ ಮೀನಿನದ್ದು, ನಾವು ತಿಂದದ್ದರದ್ದಲ್ಲ.

ಬೀಗರನ್ನೆಲ್ಲ ಗಾಡಿ ಹತ್ತಿಸಿ ನಾನೊಬ್ಬನೇ ಕೌಂಟರಿಗೆ ವಾಪಸ್ ಹೋದೆ. ಕೈಲಿದ್ದ ಚೀಟಿಯಲ್ಲಿ ಜಿಎಸ್‌ಟಿ ನಂಬರೂ ಇಲ್ಲ, 14 ಅಂಕಿಯ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತೆ ಲೈಸೆನ್ಸ್) ನಂಬರೂ ಇಲ್ಲ. ಎಫ್‌ಎಸ್‌ಎಸ್‌ಎಐ ನಂಬರ್ ಬಿಲ್ಲಿನ ಮೇಲೆ ಇರಲೇಬೇಕು ಎಂಬ ನಿಯಮ 2022ರ ಜನವರಿಯಿಂದ ಇದೆ. ಜಿಎಸ್‌ಟಿಯಲ್ಲಿ ಸಣ್ಣ ವಹಿವಾಟಿನವರಿಗೆಂದು ಇರುವ ಕಾಂಪೊಸಿಷನ್ ಎಂಬ ಪದ್ಧತಿಯಲ್ಲಿರುವ ಹೋಟೆಲಿನವರು ಗಿರಾಕಿಯಿಂದ ತೆರಿಗೆ ವಸೂಲಿ ಮಾಡುವ ಹಾಗಿಲ್ಲ, ಅದನ್ನು ಬಿಲ್ಲಿನಲ್ಲೇ ಬರೆಯಬೇಕು. ನಂಬರೇ ಇಲ್ಲದವರಂತೂ ವಸೂಲಿ ಮಾಡುವ ಪ್ರಶ್ನೆಯೇ ಇಲ್ಲ. ಪಕ್ಕಾ ಬಿಲ್ ಕೊಡಿ ಎಂದೆ. ಕಂಪ್ಯೂಟರ್ ಕೆಟ್ಟಿದೆ ಎಂದರು. ಹಾಗಾದರೆ ಜಿಎಸ್‌ಟಿ ತೆಗೆಯಿರಿ ಎಂದೆ. ಸರ್ವಿಸ್ ಚಾರ್ಜ್ ತಾವಾಗಿಯೇ ಸೇರಿಸಬಾರದು ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದೇ ಹೇಳಿದೆ. ಹೋಟೆಲಿನವರ ಸಂಘಗಳು ಕೋರ್ಟಿಗೆ ಹೋದರೂ ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಅದನ್ನೇ ಎತ್ತಿಹಿಡಿಯಿತು. ಇದನ್ನು ಹೇಳಿ, ಫೋನ್ ತೆಗೆದು ಗ್ರಾಹಕ ಸಹಾಯವಾಣಿ 1915 ಒತ್ತಲು ಹೊರಟಾಗ ಎರಡನ್ನೂ ಪೆನ್ನಿನಲ್ಲಿ ಹೊಡೆದುಹಾಕಿದರು. 8,400 ಕೊಟ್ಟೆ. ಮೀನಿನ ತೂಕದ ಬಗ್ಗೆ ಮಾತ್ರ ಜಪ್ಪಯ್ಯ ಅಂದರೂ ಬಗ್ಗಲಿಲ್ಲ. ಒಂದು ಮಾತು, ನೀರಿನ ಬಾಟಲಿಗೆ ಎಂಆರ್‌ಪಿಗಿಂತ ಜಾಸ್ತಿ ಹಾಕಿದರೆಂದು ಜಗಳಕ್ಕೆ ಹೋಗಬೇಡಿ. ಕೂರಿಸಿ ಬಡಿಸುವ ಹೋಟೆಲಿಗೆ ಅದು ಅನ್ವಯಿಸುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2017ರಲ್ಲೇ ಹೇಳಿಬಿಟ್ಟಿದೆ.

ದುಡ್ಡು ಹೋಗಲಿ. ಗಾಡಿಗೆ ಬಂದು ನೋಡಿದರೆ ಬೀಗರ ಮುಖ, ಕುತ್ತಿಗೆ ಕೆಂಪಗೆ ಕಾದಿತ್ತು. ಮೈಯೆಲ್ಲ ತುರಿಕೆ, ತಲೆನೋವು, ಎದೆ ಡವಡವ. ಭಾವನಿಗೆ ಕೈಕಾಲು ಆಡಲಿಲ್ಲ. "ಅಪ್ಪಗ ಮೀನಿನ ಅಲರ್ಜಿ ಇಲ್ಲೇ ಇಲ್ರೀ" ಎಂದು ಒಂದೇ ಸಮನೆ ಹೇಳುತ್ತಿದ್ದರು. ಕಾರವಾರ ಮುಟ್ಟಿದ ಕೂಡಲೇ ಆಸ್ಪತ್ರೆಗೆ ಕರೆದೊಯ್ದೆವು. ಡಾಕ್ಟರ್ ಮೊದಲು ಕೇಳಿದ್ದೇ ಯಾವ ಮೀನು ತಿಂದಿರಿ ಎಂದು. ಬಂಗಡೆ ಎಂದಾಗ ತಲೆಯಾಡಿಸಿದರು.

ಅವರು ಹೇಳಿದ್ದು ಇಷ್ಟು. ಬಂಗಡೆ, ತಾರ್ಲೆ (ಬೂತಾಯಿ), ಟ್ಯೂನಾದಂಥ ಮೀನಿನ ಮಾಂಸದಲ್ಲಿ ಹಿಸ್ಟಿಡಿನ್ ಎಂಬ ಅಂಶ ಜಾಸ್ತಿ. ಹಿಡಿದ ಮೇಲೆ ಐಸ್ ಇಲ್ಲದೆ ಬಿಸಿಯಲ್ಲಿ ಇಟ್ಟರೆ ಬ್ಯಾಕ್ಟೀರಿಯಾ ಅದನ್ನು ಹಿಸ್ಟಮಿನ್ ಮಾಡುತ್ತವೆ. ಅಲರ್ಜಿ ಆದಾಗ ನಮ್ಮ ಮೈಯೇ ಬಿಡುವ ವಸ್ತು ಅದು. ಅದಕ್ಕೇ ನೋಡಲು ಅಲರ್ಜಿಯ ಹಾಗೇ ಕಾಣುತ್ತದೆ. ತಿಂದ ಕೆಲವು ನಿಮಿಷದಿಂದ ಒಂದೆರಡು ಗಂಟೆಯೊಳಗೆ ಶುರುವಾಗುತ್ತದೆ. ಒಮ್ಮೆ ಹಿಸ್ಟಮಿನ್ ಆಯಿತು ಅಂದರೆ ಕುದಿಸಿದರೂ ಹೋಗುವುದಿಲ್ಲ, ಹುರಿದರೂ ಹೋಗುವುದಿಲ್ಲ, ಮತ್ತೆ ಫ್ರೀಜರಿಗೆ ಹಾಕಿದರೂ ಹೋಗುವುದಿಲ್ಲ. ವಾಸನೆಯೂ ಬಾರದೆ ಇರಬಹುದು. ಕೆಲವರಿಗೆ ನಾಲಿಗೆ ಮೇಲೆ ಕಾಳುಮೆಣಸಿನ ಹಾಗೆ ಚುರುಚುರು ಅನ್ನುತ್ತದೆ. ಹಾಗೆ ಅನಿಸಿದರೆ ತುತ್ತು ಉಗುಳಿಬಿಡಿ, ನೆಂಟರಿಗೂ ತಿನ್ನಬೇಡಿ ಅನ್ನಿ. ಬೀಗರಿಗೆ ಇಂಜೆಕ್ಷನ್ ಕೊಟ್ಟರು, ರಾತ್ರಿ ಹೊತ್ತಿಗೆ ಇಳಿಯಿತು. ಉಸಿರಾಟದ ತೊಂದರೆ ಇರುವವರಿಗೆ ಇದು ಜೋರಾಗಬಹುದಂತೆ. ಗಂಟಲು ಕಟ್ಟಿದ ಹಾಗೆ, ಉಸಿರು ಹಿಡಿದ ಹಾಗೆ ಆದರೆ ಸುಮ್ನೆ ಮಜ್ಜಿಗೆ ಕುಡಿಸುತ್ತಾ ಕೂರಬೇಡಿ, ಆಸ್ಪತ್ರೆಗೆ ಓಡಿ.

ಹಾಗಂತ ಮಳೆಗಾಲದಲ್ಲಿ ನೆಂಟರಿಗೆ ಏನು ಹಾಕುವುದು? ನಾವು ಮನೆಯಲ್ಲಿ ಏನು ತಿನ್ನುತ್ತೇವೋ ಅದನ್ನೇ. ಮಳೆ ಶುರುವಾಗುವ ಮೊದಲು ಕಾರವಾರದ ರವಿವಾರದ ಸಂತೆಯಲ್ಲಿ ಕೊಂಡಿಟ್ಟ ಒಣ ಶೆಟ್ಲಿಯ ಚಟ್ನಿ, ಒಣ ಬಂಗಡೆ ಸುಟ್ಟದ್ದು, ಕುಚಲಕ್ಕಿ ಗಂಜಿ. ಹೊಳೆ ಮೀನು ಸಿಕ್ಕರೆ ಅದೇ ಹಬ್ಬ. ಮರುದಿನ ಅಮ್ಮ ಒಣ ಶೆಟ್ಲಿ ಚಟ್ನಿ ಮಾಡಿದಾಗ ಬೀಗರ ಮನೆಯವರು ಎರಡನೇ ಸಲ ಕೇಳಿ ಹಾಕಿಸಿಕೊಂಡರು. ಹೊರಗೇ ತಿನ್ನಬೇಕೆಂದರೆ ಊರೊಳಗಿನ ಸಣ್ಣ ಖಾನಾವಳಿ ಹುಡುಕಿ. ಅಲ್ಲಿ ಥಾಳಿಗೆ ಗೋಡೆಯ ಮೇಲೆ ದರ ಬರೆದಿರುತ್ತದೆ. ಇವತ್ತು ಯಾವ ಮೀನು ಇಲ್ಲ ಅನ್ನುವುದನ್ನೂ ಹೇಳುತ್ತಾರೆ. 'ಇಲ್ಲ' ಅನ್ನುವ ಹೋಟೆಲಿನ ಮೇಲೆ ನನಗೆ ಜಾಸ್ತಿ ನಂಬಿಕೆ. ಸೋಲ್ ಕಡಿ (ಕೋಕಂ ಪಾನೀಯ) ಒಂದು ಲೋಟ ಜಾಸ್ತಿ ಕೇಳಿ, ಘಟ್ಟದ ಮೇಲಿನವರಿಗೆ ಹಿಡಿಸುತ್ತದೆ. ಮೀನಿಗೇ ಅಂತ ಬರುವ ನೆಂಟರಿದ್ದರೆ ನೂಲು ಹುಣ್ಣಿಮೆ ಕಳೆದ ಮೇಲೆ ಬನ್ನಿ ಅನ್ನಿ. ಆಗಸ್ಟ್ 1ಕ್ಕೆ ನಿಷೇಧ ಮುಗಿದರೂ ಆ ಹುಣ್ಣಿಮೆಯ ಸಮುದ್ರ ಪೂಜೆ ಆಗದೆ ದೋಣಿ ಇಳಿಸದವರು ನಮ್ಮಲ್ಲಿ ಬಹಳ ಮಂದಿ.

ದೊಡ್ಡ ಹೋಟೆಲಿಗೇ ಹೋಗಬೇಕಾಗಿ ಬಂದರೆ, ನೆಂಟರನ್ನು ಕೂರಿಸುವ ಮೊದಲು ಒಬ್ಬರು ಇಳಿದು ಹೋಗಿ ಮಾತಾಡಿ ಬನ್ನಿ. ಕಾರು ನಿಲ್ಲಿಸುತ್ತೇನೆ ಎಂಬ ನೆಪ ಸಾಕು. ಮೀನಿಗೆ ಇಷ್ಟು, ಪ್ಲೇಟಿಗೆ ಇಷ್ಟು ಎಂದು ಪೂರ್ತಿ ದರ ಹೇಳಿಸಿ. 100 ಗ್ರಾಮಿನ ಲೆಕ್ಕ ಹೇಳಿದರೆ ಎದುರಿಗೇ ತೂಗಿಸಿ, ತೂಗಿದ ಮೀನಿನ ಫೋಟೊ ಇಟ್ಟುಕೊಳ್ಳಿ. ಕಿವಿರು ಎತ್ತಿ ನೋಡಿ, ಕಂದು ಬಣ್ಣಕ್ಕೆ ತಿರುಗಿದ್ದರೆ ಬೇಡ ಅನ್ನಿ. ಕಣ್ಣು ಒಳಗೆ ಹೋಗಿದ್ದರೂ ಬೇಡ. ಬಂಗಡೆಯನ್ನಂತೂ ಈ ಎರಡು ತಿಂಗಳು ಇಂಥ ಕಡೆ ಮುಟ್ಟಬೇಡಿ. ಗಾಡಿ ಬಾಡಿಗೆ ಮಾತಾಡುವಾಗಲೇ ಊಟದ ಜಾಗ ನಾವೇ ಹೇಳುತ್ತೇವೆ ಎಂದುಬಿಡಿ. ಡ್ರೈವರ್ ಊಟದ ದುಡ್ಡು ಕೈಗೆ ಕೊಟ್ಟರೆ ಇನ್ನೂ ಒಳ್ಳೆಯದು.