ಅವಸರದ ಮೂತ್ರಕ್ಕೆ ಮಾತ್ರೆಯೋ, ಫಿಸಿಯೋಥೆರಪಿಯೋ? ಎರಡನ್ನೂ ಮಾಡಿ ನೋಡಿದೆ

ಬನಶಂಕರಿಯಲ್ಲಿ ಬಸ್ ಹತ್ತುವ ಮುಂಚೆ ಎರಡು ಸಲ ಹೋಗಿ ಬರುತ್ತಿದ್ದೆ. ಆದರೂ ಜಯದೇವ ದಾಟುವಷ್ಟರಲ್ಲಿ ಮತ್ತೆ ಅವಸರ. ಹಗಲು 14 ಸಲ, ರಾತ್ರಿ 3 ಸಲ. ಸೋಂಕಿಲ್ಲ, ಶುಗರ್ ಇಲ್ಲ. ಓವರ್‌ಆಕ್ಟಿವ್ ಬ್ಲಾಡರ್ ಅಂದರು ಡಾಕ್ಟರ್. ಮೂತ್ರಚೀಲ ತುಂಬುವ ಮೊದಲೇ ಹಿಂಡಿಕೊಳ್ಳುತ್ತದಂತೆ.

ಮೊದಲು ಸಾಲಿಫೆನಸಿನ್ ಮಾತ್ರೆ. ದಿನಕ್ಕೊಂದು ನುಂಗಿದರೆ ಆಯಿತು. ಒಂದು ತಿಂಗಳಲ್ಲಿ ಅವಸರ ಕಮ್ಮಿಯಾಗಿದ್ದು ನಿಜ. ಆದರೆ ಬಾಯಿ ಒಣಗಿ ಚಪಾತಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ, ಮಲಬದ್ಧತೆ ಬೇರೆ. ಮಿರಾಬೆಗ್ರಾನ್ ಅಂತ ಇನ್ನೊಂದು ಮಾತ್ರೆ ಇದೆ, ಅದರಲ್ಲಿ ಬಾಯಿ ಅಷ್ಟು ಒಣಗಲ್ಲ, ಆದರೆ ಬಿಪಿ ಏರಬಹುದು. ನನಗೆ ಮೊದಲೇ ಬಿಪಿ ಜಾಸ್ತಿ.

ಆಮೇಲೆ ಫೋನಿನಲ್ಲಿ ನೋಡಿಕೊಂಡು ಕೀಗಲ್ ವ್ಯಾಯಾಮ, ಅಂದರೆ ಮೂತ್ರ ತಡೆಹಿಡಿಯುವ ಸ್ನಾಯುಗಳನ್ನು ಬಿಗಿ ಮಾಡಿ ಬಿಡುವುದು. ಎರಡು ತಿಂಗಳು ಮಾಡಿದರೂ ಏನೂ ಆಗಲಿಲ್ಲ. ಯಾಕೆ ಅಂತ ಗೊತ್ತಾಗಿದ್ದು ಫಿಸಿಯೋಥೆರಪಿಸ್ಟ್ ಹತ್ತಿರ ಹೋದಾಗ. ನನ್ನ ಒಪ್ಪಿಗೆ ಕೇಳಿ, ಗ್ಲೌಸ್ ಹಾಕಿಕೊಂಡು ಒಳಗೆ ಪರೀಕ್ಷಿಸಿದರು. "ಮೇಲಕ್ಕೆ ಎಳ್ಕೋಬೇಕಮ್ಮ, ನೀವು ಕೆಳಕ್ಕೆ ತಳ್ತಾ ಇದೀರ. ಉಸಿರೂ ಬಿಗಿಹಿಡಿದಿದೀರ" ಅಂದರು. ಇದನ್ನು ಯಾವ ವಿಡಿಯೋ ಹೇಳೀತು?

ಅವರ ಕಡೆಯಿಂದ ಮೊದಲ ಕೆಲಸ 3 ದಿನದ ಲೆಕ್ಕ. ಕುಡಿದ ಕಾಫಿ, ನೀರು, ಹೋದ ಮೂತ್ರ ಎಲ್ಲವನ್ನೂ ಅಳೆದು ಬರೆದೆ. 120 ಮಿ.ಲೀ.ಗೇ ಓಡುತ್ತಿದ್ದೆ! ಸಾಮಾನ್ಯವಾಗಿ ಚೀಲ 300ರಿಂದ 500 ಮಿ.ಲೀ. ಹಿಡಿಯುತ್ತದೆ. ಗಂಟೆಗೊಮ್ಮೆ ಹೋಗುವುದರಿಂದ ಶುರುಮಾಡಿ, ವಾರಕ್ಕೆ 15 ನಿಮಿಷ ಹೆಚ್ಚಿಸುತ್ತಾ ಹೋದೆವು. ಅವಸರವಾದರೆ ಓಡಬಾರದು. ನಿಂತು ಐದಾರು ಸಲ ಬೇಗ ಬೇಗ ಆ ಸ್ನಾಯುಗಳನ್ನು ಬಿಗಿ ಮಾಡಿ ಬಿಡಬೇಕು, ಅವಸರ ಇಳಿದ ಮೇಲೆ ನಿಧಾನಕ್ಕೆ ನಡೆಯಬೇಕು. ನನಗೆ ಕಷ್ಟವಾಗಿದ್ದು ಮನೆ ಬಾಗಿಲಲ್ಲಿ. ಬೀಗದಲ್ಲಿ ಕೀಲಿ ತಿರುಗಿಸಿದ ಸದ್ದಿಗೇ ಬಂದುಬಿಡುತ್ತಿತ್ತು. ಒಂದು ಕೈ ಚೌಕಟ್ಟಿನ ಮೇಲಿಟ್ಟು, ಕಣ್ಣು ಮುಚ್ಚಿ, ಹಾಗೇ ನಿಂತ ಸಂಜೆಗಳು ಎಷ್ಟೋ. ಐದನೇ ವಾರ ಒಂದು ದಿನ ಬೀಗ ತೆಗೆದು, ಚಪ್ಪಲಿ ಬಿಟ್ಟು, ಗ್ಯಾಸ್ ಮೇಲೆ ಹಾಲಿಟ್ಟು ಆಮೇಲೆ ಹೋದೆ. ಕಣ್ಣಲ್ಲಿ ನೀರೇ ಬಂತು.

ಜೊತೆಗೆ ಪಾದದ ಗಂಟಿನ ಹತ್ತಿರ ಪ್ಯಾಚ್ ಅಂಟಿಸಿ ಸಣ್ಣ ಕರೆಂಟ್ ಕೊಡುವುದೂ ಇತ್ತು. ವಾರಕ್ಕೊಮ್ಮೆ 30 ನಿಮಿಷ, 12 ವಾರ. ನೋವಿಲ್ಲ, ಸುಮ್ನೆ ಜುಮ್ಮೆನ್ನುತ್ತದೆ. ಇದರ ಪಾಲೆಷ್ಟು, ಅಭ್ಯಾಸದ ಪಾಲೆಷ್ಟು ಅಂತ ಬೇರೆ ಮಾಡಿ ಹೇಳಲಾರೆ. ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಪ್ರತಿ ವಾರ ಹೋಗಿಬರುವುದು ಮಾತ್ರ ಸುಸ್ತು.

ಈಗ ಹಗಲು 8, ರಾತ್ರಿ 1. ಕಾಫಿ ಮೂರರಿಂದ ಒಂದಾಗಿದೆ, ನೀರು ಮಾತ್ರ ಕಮ್ಮಿ ಮಾಡಿಲ್ಲ. ನನ್ನ ಆಯ್ಕೆ ಫಿಸಿಯೋಥೆರಪಿಯೇ. ಮೂರು ತಿಂಗಳ ತಾಳ್ಮೆ ಬೇಕು ಅಷ್ಟೇ. ಹೋಗುವ ಮೊದಲು ಫೋನ್ ಮಾಡಿ ಪೆಲ್ವಿಕ್ ಫ್ಲೋರ್ (ಈ ಸ್ನಾಯುಗಳ ಹೆಸರೇ ಅದು) ಚಿಕಿತ್ಸೆ ಕೊಡ್ತೀರಾ ಅಂತ ಕೇಳಿ. ಮಂಡಿ, ಬೆನ್ನು ನೋಡುವವರೆಲ್ಲ ಇದನ್ನು ಮಾಡುವುದಿಲ್ಲ.