ಗಾಂಧಿನಗರದ ಲಾಯರ್ ಮೇಡಂ ಹತ್ರ ಲಿವ್-ಇನ್ ಲೆಕ್ಕ ಚುಕ್ತಾ ಮಾಡ್ಕೊಂಡ ಕಥೆ, 4 ಸ್ಟಾರ್

ಮದುವೆ ಆಗ್ದೆ ಜೊತೆಗಿದ್ದ ಹುಡುಗನಿಂದ ಬೇರೆ ಆದ್ಮೇಲೆ, ಅವನ ಫ್ಲಾಟಿಗೆ ನಾನು ಹಾಕಿದ್ದ ದುಡ್ಡು ವಾಪಸ್ ತಗೊಳ್ಳೋಕೆ ಲಾಯರ್ ಹುಡುಕ್ತಿದ್ದೆ. ಮೊದ್ಲು ದುಡ್ಡು ದಂಡ ಆಗಿದ್ದು ಹೇಳ್ಬಿಡ್ತೀನಿ. ಒಂದು ಲೀಗಲ್ ಆ್ಯಪ್‌ನಲ್ಲಿ, ಹೆಸರು ಬೇಡ, 999 ರೂಪಾಯಿ ಕಟ್ಟಿ ಅರ್ಧ ಗಂಟೆ ಕಾಲ್ ಬುಕ್ ಮಾಡಿದ್ದೆ. ಆ ಕಡೆ ಲಾಯರ್ ಗಾಡಿಲಿ ಹೋಗ್ತಾ ಮಾತಾಡ್ತಿದ್ರು ಅನ್ಸುತ್ತೆ, ಬರೀ ಹಾರ್ನ್ ಸೌಂಡು. "ಐದಾರು ವರ್ಷ ಜೊತೆಗಿದ್ರಾ, ಹಾಗಾದ್ರೆ ಫ್ಲಾಟಲ್ಲಿ ಅರ್ಧ ನಿಮ್ದೇ, 498ಎ, ಅದೇ ಹೆಂಡ್ತಿಗೆ ಕಿರುಕುಳ ಕೊಟ್ಟ ಕೇಸು, ಹಾಕಿ, ಓಡ್ಬರ್ತಾನೆ" ಅಂದ್ರು. ನಾನೂ ನಂಬ್ಕೊಂಡು ಎರಡು ದಿನ ಖುಷಿಯಾಗಿದ್ದೆ.

ಆಮೇಲೆ ಫ್ರೆಂಡ್ ಒಬ್ಳು ಈ ಮೇಡಂ ಹತ್ರ ಕಳ್ಸಿದ್ಲು. ಮೂರನೇ ಫ್ಲೋರು, ಲಿಫ್ಟ್ ಇಲ್ಲ, ಅಪಾಯಿಂಟ್‌ಮೆಂಟ್ ಇದ್ರೂ ಒಂದೂಕಾಲು ಗಂಟೆ ಕಾಯ್ಸಿದ್ರು. ಒಳಗೆ ಹೋಗಿ ನಾನು ಅಳೋಕೆ ರೆಡಿ ಆಗ್ತಿದ್ರೆ ಅವ್ರು "ಅದು ಆಮೇಲೆ ಅಳುವಂತೆ, ಪೇಪರ್ ಏನಿದೆ ತೆಗಿಯಮ್ಮ" ಅಂದ್ರು. ಅಲ್ಲೇ ಅರ್ಧ ನಂಬಿಕೆ ಬಂತು.

ನನ್ ಕೇಸು ಇಷ್ಟು. 2019ರಿಂದ ಬಾಡಿಗೆ ಮನೆ, 2022 ಆಗಸ್ಟಲ್ಲಿ ಅವನ ಹೆಸರಲ್ಲಿ ಫ್ಲಾಟು, ಲೋನೂ ಅವನದೇ. ಡೌನ್ ಪೇಮೆಂಟ್‌ಗೆ ನಂದು 6 ಲಕ್ಷ, ಆಮೇಲೆ ತಿಂಗಳಿಗೆ 18 ಸಾವಿರದ ಹಾಗೆ ಮೂವತ್ತು ತಿಂಗಳು ಹಾಕಿದೀನಿ. 2025 ಫೆಬ್ರವರಿಲಿ ಬೇರೆ ಆದ್ವಿ.

ಮೇಡಂ ನನ್ ಬ್ಯಾಂಕ್ ಸ್ಟೇಟ್‌ಮೆಂಟ್ ಮೇಲೆ ಪೆನ್ಸಿಲ್ ಹಿಡ್ಕೊಂಡು ಒಂದೊಂದೇ ಸಾಲು ಕೆಳಗಿಳಿದ್ರು. ಪ್ರತಿ ತಿಂಗಳೂ ಯುಪಿಐ ರಿಮಾರ್ಕಲ್ಲಿ ನಾನು ತಮಾಷೆಗೆ "ರೆಂಟ್" ಅಂತ ಹಾಕಿದ್ದೆ, ಜೊತೆಗೊಂದು ಹಾರ್ಟು. "ನೋಡಮ್ಮ, ಇವಳು ನನ್ ಬಾಡಿಗೆದಾರಳು ಅಂತ ಅವನು ಹೇಳೋಕೆ ನೀನೇ ಬರ್ದು ಕೊಟ್ಟಿದೀಯ, ಇದನ್ನ ಮರ್ತ್ಬಿಡು" ಅಂದ್ರು. 5 ಲಕ್ಷ 40 ಸಾವಿರ, ಒಂದೇ ಪೆನ್ಸಿಲ್ ಗೀಟು. ಹೊಟ್ಟೆ ಉರೀತು.

ಅರ್ಧ ಫ್ಲಾಟ್ ವಿಷ್ಯಕ್ಕೆ ಜೋರಾಗಿ ನಕ್ರು. ಇಷ್ಟು ವರ್ಷ ಜೊತೆಗಿದ್ರೆ ಇಷ್ಟು ಪಾಲು ಅನ್ನೋ ಕಾನೂನು ನಮ್ಮಲ್ಲಿ ಇಲ್ವೇ ಇಲ್ವಂತೆ, ಕ್ರಯಪತ್ರದಲ್ಲಿ ಯಾರ ಹೆಸರಿದ್ಯೋ ಅವರದೇ ಮನೆ. ಜಂಟಿ ಹೆಸರಲ್ಲಿದ್ರೆ ಪಾಲು ಕೇಳ್ಬೋದಿತ್ತು. ದುಡ್ಡು ನಂದು, ಹೆಸರು ಮಾತ್ರ ಅವನದು ಅಂತ ವಾದ ಮಾಡೋಕೆ ಹೋದ್ರೆ ಇನ್ನೂ ಕಷ್ಟ, 1988ರ ಬೇನಾಮಿ ಕಾಯ್ದೆ ಅಡ್ಡ ಬರುತ್ತೆ, ಅದ್ರಲ್ಲಿ ಗಂಡ ಹೆಂಡ್ತಿ ಮಕ್ಕಳ ಹೆಸರಲ್ಲಿ ತಗೊಂಡ್ರೆ ವಿನಾಯಿತಿ ಇದೆ, ಲಿವ್-ಇನ್ ಪಾರ್ಟ್ನರ್‌ಗೆ ಇಲ್ಲ. ಇನ್ನು 498ಎ ಗಂಡ ಮತ್ತೆ ಅವನ ಕಡೆಯವರ ಮೇಲೆ ಹಾಕೋದು, ನಂಗೆ ಗಂಡನೇ ಇಲ್ಲ, ಸಾಲದ್ದಕ್ಕೆ 2024 ಜುಲೈಯಿಂದ ಅದು ಹೊಸ ಬಿಎನ್‌ಎಸ್‌ನಲ್ಲಿ, ಅಂದ್ರೆ ಹಳೇ ಐಪಿಸಿ ಬದಲು ಬಂದಿರೋ ಭಾರತೀಯ ನ್ಯಾಯ ಸಂಹಿತೆಲಿ, ಸೆಕ್ಷನ್ 85 ಆಗಿದೆ. ಆ್ಯಪ್‌ನವರಿಗೆ ಅದೂ ಗೊತ್ತಿರ್ಲಿಲ್ಲ.

ಹಾಗಂತ ಲಿವ್-ಇನ್ ಹೆಂಗಸರಿಗೆ ಏನೂ ಇಲ್ಲ ಅಂತಲ್ಲ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಲಿ ಮದುವೆ ಥರದ ಸಂಬಂಧಾನೂ ಸೇರ್ಕೊಂಡಿದೆ, ಹಿಂಸೆ ಇದ್ರೆ ಮನೇಲಿ ಇರೋ ಹಕ್ಕು, ಖರ್ಚಿಗೆ ದುಡ್ಡು ಎಲ್ಲಾ ಕೇಳ್ಬೋದು. ಆದ್ರೆ 2010ರಲ್ಲಿ ಸುಪ್ರೀಂ ಕೋರ್ಟ್ ಷರತ್ತು ಹಾಕಿದೆ, ಇಬ್ರೂ ಮದುವೆಗೆ ಅರ್ಹರಾಗಿರ್ಬೇಕು, ತುಂಬಾ ದಿನ ಜೊತೆಗಿರ್ಬೇಕು, ನಾಲ್ಕು ಜನದ ಮುಂದೆ ಗಂಡ ಹೆಂಡ್ತಿ ಹಾಗೇ ಇರ್ಬೇಕು. ಬೆಂಗಳೂರಿನದೇ ಒಂದು ಕೇಸಲ್ಲಿ ಮ್ಯಾಜಿಸ್ಟ್ರೇಟ್ ತಿಂಗಳಿಗೆ 18,000 ಕೊಡು ಅಂದಿದ್ರು, ಹೈಕೋರ್ಟ್ ತೆಗೆದು ಹಾಕ್ತು, 2013ರಲ್ಲಿ ಸುಪ್ರೀಂ ಕೋರ್ಟೂ ಹೈಕೋರ್ಟ್ ಮಾತೇ ಸರಿ ಅಂತು, ಯಾಕಂದ್ರೆ ಅವನಿಗೆ ಮೊದಲೇ ಮದುವೆ ಆಗಿತ್ತು, ಅದು ಆಕೆಗೂ ಗೊತ್ತಿತ್ತು.

ನನ್ ಫೈಲಲ್ಲಿ ಅವ್ರಿಗೆ ಇಷ್ಟ ಆಗಿದ್ದು ಹಳೇ ಬಾಡಿಗೆ ಕರಾರು. ಓನರ್ ಅಂಕಲ್ ಮನೆ ಕೊಡಲ್ಲ ಅಂತ ನಾವು ಗಂಡ ಹೆಂಡ್ತಿ ಅಂದಿದ್ವಿ, ಅದ್ರಲ್ಲಿ ನನ್ ಹೆಸರಿನ ಮುಂದೆ "ಕೋಂ", ಅಂದ್ರೆ ಇಂಥವರ ಹೆಂಡ್ತಿ, ಅಂತ ಅವನ ಹೆಸರು ಟೈಪ್ ಆಗಿತ್ತು, ಆವತ್ತು ಬಿದ್ದು ಬಿದ್ದು ನಕ್ಕಿದ್ವಿ. ಇದು ಒಳ್ಳೇ ಸಾಕ್ಷಿ ಅಂದ್ರು ಮೇಡಂ. ಆಮೇಲೆ "ಹೊಡ್ದಿದಾನಾ, ಹೆದರ್ಸಿದಾನಾ, ದುಡ್ಡು ಕಿತ್ಕೊಂಡಿದಾನಾ" ಅಂತ ಒಂದೊಂದಾಗಿ ಕೇಳಿದ್ರು. ಇಲ್ಲ ಅಂದೆ. "ಹಾಗಾದ್ರೆ ಆ ಕೇಸ್ ಬೇಡ, ಸುಳ್ಳು ಬರ್ಸಲ್ಲ ನಾನು."

ಉಳಿದಿದ್ದು 6 ಲಕ್ಷ. ಅದನ್ನ ಕಳ್ಸೋ ಟೈಮಲ್ಲಿ ಅವನು "ಸದ್ಯಕ್ಕೆ ನೀನು ಹಾಕು, ವಾಪಸ್ ಕೊಡ್ತೀನಿ" ಅಂತ ಮೆಸೇಜ್ ಮಾಡಿದ್ದ, ಡಿಲೀಟ್ ಆಗಿರ್ಲಿಲ್ಲ. ಅದು ಕೈಗಡ, ಮೂರು ವರ್ಷದೊಳಗೆ ಕೇಳ್ಬೇಕು, ನಾನು ಹೋದಾಗ ಉಳಿದಿದ್ದು ಐದೇ ತಿಂಗಳು. ನೋಟಿಸ್ ಕೊಟ್ರು, ಅವನು ಫೋನ್ ಮಾಡಿ ಕೊಡ್ತೀನಿ ಕೊಡ್ತೀನಿ ಅಂದ. ಮೇಡಂ ಬಿಡ್ಲಿಲ್ಲ, ಆಫೀಸಿಗೆ ಕರೆಸಿ ಸ್ಟಾಂಪ್ ಪೇಪರ್ ಮೇಲೆ ನಾಲ್ಕು ಕಂತು ಅಂತ ಬರೆಸಿ ಸೈನ್ ಹಾಕಿಸಿದ್ರು. ಮಿಕ್ಸಿ, ವಾಷಿಂಗ್ ಮಷೀನು ಬಿಲ್ ನನ್ ಹೆಸರಲ್ಲಿತ್ತು, ಜಗಳ ಇಲ್ದೆ ಬಂತು.

ಫೀಸು ಮೊದಲ ಸಲಕ್ಕೆ 2,000, ನೋಟಿಸ್ ಮತ್ತೆ ಅಗ್ರಿಮೆಂಟ್ ಸೇರಿ 15,000. ದುಡ್ಡಿಲ್ಲ ಅಂದ್ರೆ ನ್ಯಾಯ ದೇಗುಲ ಬಿಲ್ಡಿಂಗಲ್ಲಿರೋ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗು, ಹೆಂಗಸರಿಗೆ ಆದಾಯ ಎಷ್ಟಿದ್ರೂ ಲಾಯರ್ ಫ್ರೀ, 15100ಗೆ ಫೋನ್ ಮಾಡು ಅಂತ ಅವ್ರೇ ಹೇಳಿದ್ರು, ಯಾವ ಲಾಯರ್ ಹೇಳ್ತಾರೆ ಹೀಗೆ.

ಒಂದು ಸ್ಟಾರ್ ಕಟ್ ಮಾಡಿದ್ದು ಜೂನಿಯರ್ ಹುಡುಗನಿಗೆ. ನೋಟಿಸಲ್ಲಿ ನನ್ ಅಕೌಂಟ್ ನಂಬರ್ ಒಂದು ಅಂಕಿ ತಪ್ಪು ಟೈಪ್ ಮಾಡಿದ್ದ, ನಾನು ನೋಡಿದ್ದಕ್ಕೆ ಆಯ್ತು. ಹೋಗೋರು ಸ್ಟೇಟ್‌ಮೆಂಟ್ ಪ್ರಿಂಟ್ ತಗೊಂಡು ಹೋಗಿ, ಮೊಬೈಲ್ ತೋರ್ಸಿದ್ರೆ ಅವ್ರು ಮುಖಾನೂ ನೋಡಲ್ಲ. ಶನಿವಾರ ಸಂಜೆ ಬೇಡ, ವಿಪರೀತ ರಶ್ಶು.