ಒಳಗೂ ಬಣ್ಣ ಬಳಿದ ಜೇನುಪೆಟ್ಟಿಗೆ ಕೊಳ್ಳಬೇಡಿ

ನಾಲ್ಕು ಪೆಟ್ಟಿಗೆ, ನಾಲ್ಕು ಜೇನುಕುಟುಂಬ. ಐದೇ ದಿನದಲ್ಲಿ ಮೂರು ಖಾಲಿ. ಬರೆಯಲು ನಾಚಿಕೆಯಾಗುತ್ತಿದೆ. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ಆ ಮನುಷ್ಯ ಸುಳ್ಯ, ಪುತ್ತೂರು ಕಡೆ ಇನ್ನೂ ಪೆಟ್ಟಿಗೆ ಮಾರುತ್ತಿದ್ದಾನೆ.

ನವೆಂಬರ್‌ನಲ್ಲಿ ತುಡುವೆ (ಪೆಟ್ಟಿಗೆಯಲ್ಲಿ ಸಾಕುವ ನಾಡಜೇನು) ಕುಟುಂಬ ಪಾಲು ಮಾಡಿಕೊಡುತ್ತೇನೆ ಎಂದು ಪರಿಚಯದವರೊಬ್ಬರು ದಿನ ಹೇಳಿದ್ದರು. ಪೆಟ್ಟಿಗೆಯವನು ಇಪ್ಪತ್ತು ದಿನ ಮೊದಲೇ ತಂದುಕೊಡುವ ಮಾತು. ತಂದದ್ದು ಹಿಂದಿನ ಸಂಜೆ! ಹೆಬ್ಬಲಸಿನ ಮರದ್ದು ಎಂದು ಒಂದಕ್ಕೆ 2,200 ರೂಪಾಯಿ. ಹಳದಿ ಬಣ್ಣ ಮಿರಮಿರ ಮಿಂಚುತ್ತಿತ್ತು. ಅಪ್ಪ ಅಂಗಳದಿಂದಲೇ, "ಏನಿದು, ಟರ್ಪೆಂಟೈನ್ ನಾರುತ್ತಿದೆಯಲ್ಲ" ಎಂದರು. ಮುಚ್ಚಳ ತೆಗೆದರೆ ಒಳಗೂ ಬಣ್ಣ. ಗೋಡೆಗೆ, ಅಡಿಹಲಗೆಗೆ, ನೊಣಗಳು ಮೇಣದ ಎರಿ ಕಟ್ಟುವ ಚೌಕಟ್ಟು ಕೂರುವ ಅಂಚಿಗೂ ಎಣ್ಣೆಬಣ್ಣ!

ಕೇಳಿದೆ. "ಒಳಗೂ ಬಳಿದರೆ ಗೆದ್ದಲು ಹತ್ತುವುದಿಲ್ಲ ಅಣ್ಣಾ, ಎಲ್ಲರಿಗೂ ಹೀಗೆಯೇ ಕೊಡುವುದು. ರಾತ್ರಿ ಮುಚ್ಚಳ ತೆಗೆದಿಡಿ, ಬೆಳಗಾಗುವಾಗ ವಾಸನೆ ಹೋಗಿರುತ್ತದೆ" ಎಂದ. ನಂಬಿದೆ. ಬಾಕಿ ಹಣವನ್ನೂ ಆಗಲೇ ಎಣಿಸಿಕೊಟ್ಟೆ.

ಮರುದಿನ ಕುಟುಂಬಗಳನ್ನು ಕೂರಿಸಿದೆವು. ಮೂರನೆಯ ದಿನ ಮಧ್ಯಾಹ್ನ ಮೊದಲ ಪೆಟ್ಟಿಗೆಯ ಬಾಗಿಲಿನಿಂದ ನೊಣಗಳು ದಬದಬನೆ ಹೊರಬಿದ್ದವು. ತೋಟದ ಮೇಲೊಂದು ಸುತ್ತು ಹಾಕಿ, ಅಡಿಕೆ ಮರಗಳ ತಲೆಯ ಮೇಲಿನಿಂದ ಗುಡ್ಡದತ್ತ ಹೋಗಿಯೇಬಿಟ್ಟವು. ತುಡುವೆಯ ಸ್ವಭಾವ ಗೊತ್ತಲ್ಲ, ಗೂಡು ಒಗ್ಗದಿದ್ದರೆ ಮರಿ, ಮೊಟ್ಟೆ ಏನನ್ನೂ ನೋಡುವುದಿಲ್ಲ. ಎರಿಯಲ್ಲಿ ಮುಚ್ಚಿದ ಮರಿ ಹಾಗೆಯೇ ಉಳಿದಿತ್ತು. ಚೌಕಟ್ಟಿನ ಅಂಚಿನಲ್ಲಿ ಆರದ ಬಣ್ಣಕ್ಕೆ ಕಾಲಂಟಿಕೊಂಡು ಐದಾರು ನೊಣ ಸತ್ತಿದ್ದವು. ಅದನ್ನು ನೋಡಿ ಹೊಟ್ಟೆ ಉರಿಯಿತು.

ಫೋನ್ ಮಾಡಿದರೆ, "ರಾಣಿ ಸರಿಯಿರಲಿಲ್ಲವೇನೋ." ಎರಡನೆಯದು ಹೋದಾಗ, "ನಿಮ್ಮ ತೋಟದಲ್ಲಿ ಹೂವು ಸಾಲದು." ಮೂರನೆಯದಕ್ಕೆ, "ನೊಣ ಕೊಟ್ಟವರನ್ನು ಕೇಳಿ, ನಾನು ಕೊಟ್ಟದ್ದು ಪೆಟ್ಟಿಗೆ." ಆ ಮೇಲೆ ಫೋನ್ ಎತ್ತಲೇ ಇಲ್ಲ. ನಾಲ್ಕನೆಯ ಕುಟುಂಬವನ್ನು ಆ ರಾತ್ರಿಯೇ ಅಪ್ಪನ ಹಳೆಯ, ಬಣ್ಣ ಕಾಣದ ಪೆಟ್ಟಿಗೆಗೆ ದಾಟಿಸಿದೆ. ಅದು ನಿಂತಿದೆ.

ನಿಜವಾಗಿ ಮೋಸಹೋದದ್ದು ತಿಳಿದದ್ದು ಮರುವಾರ. ಬಣ್ಣ ತೆಗೆಯೋಣ ಎಂದು ಕತ್ತಿಯಿಂದ ಹೆರೆಯುತ್ತಿದ್ದೆ. ಮೂಲೆಯಲ್ಲಿ ಬಿಳಿ ಪುಟ್ಟಿಯ ತುಂಡೊಂದು ಟಕ್ಕನೆ ಕಳಚಿ ಬಿತ್ತು. ಅದರಡಿ ಹುಳ ಕೊರೆದ ತೂತು, ಕಿರುಬೆರಳು ಹೋಗುವಷ್ಟು. ಇನ್ನೊಂದು ಮೂಲೆ, ಅಲ್ಲಿಯೂ ಪುಟ್ಟಿ. ಹೆಬ್ಬಲಸೂ ಅಲ್ಲ, ಯಾವುದೋ ಹಸಿ ಮೆದುಮರ. ಗೆದ್ದಲಿಗಾಗಿ ಬಳಿದ ಬಣ್ಣವಲ್ಲ ಅದು, ನನ್ನ ಕಣ್ಣಿಗೆ ಬಳಿದದ್ದು! ಫೋಟೋ ಕಳಿಸಿದೆ. "ಮರ ಎಂದ ಮೇಲೆ ತೂತು ಇರುತ್ತದೆ ಅಣ್ಣಾ" ಎಂದು ಉತ್ತರ ಬಂತು.

ಬಣ್ಣವಿಲ್ಲದ ಪೆಟ್ಟಿಗೆಯನ್ನೇ ಕೇಳಿ ತೆಗೆದುಕೊಳ್ಳಿ. ಬಣ್ಣ ಬೇಕಿದ್ದರೆ ಹೊರಮೈಗೆ ಮಾತ್ರ, ನೀರಿನಲ್ಲಿ ಕಲಸುವ ತಿಳಿಬಣ್ಣ, ನೀವೇ ಬಳಿಯಿರಿ. ನೊಣ ಬರುವ ಮೂರು ವಾರ ಮೊದಲೇ ಬಳಿದು ಗಾಳಿಗಿಡಿ. ಒಳಗೆ ಏನೂ ಬೇಡ, ಹೆಚ್ಚೆಂದರೆ ಹಳೆಯ ಮೇಣ ಉಜ್ಜಿ. ಮುಚ್ಚಳ ತೆಗೆದು ಮೂಸದೆ, ಮೂಲೆ ಕೆರೆದು ನೋಡದೆ ಒಂದು ರೂಪಾಯಿಯನ್ನೂ ಕೊಡಬೇಡಿ.

ನಿನ್ನೆ ಅವನ ಗಾಡಿ ಪಕ್ಕದ ಊರಿಗೆ ಬಂದಿತ್ತಂತೆ. ಈ ಸಲ ಪೆಟ್ಟಿಗೆಗಳಿಗೆ ಹಸಿರು ಬಣ್ಣವಂತೆ.